ಎಡೆಯ ಮುಂದೆ ಸ್ಪ್ಯಾನಿಷ್

ಚಿಕ್ಕಬೋರಮ್ಮನ ಕಷ್ಟವೆಲ್ಲ ಅವಳ ಬಾಯಿಯದೇ. ನಲವತ್ತು ವರ್ಷ ಗಂಡ ರಾಮಲಿಂಗಯ್ಯನಿಗೆ ‘ವಡೆ ತಿನ್‌ಬ್ಯಾಡಿ, ಬೀಡಿ ಸೇದ್‌ಬ್ಯಾಡಿ’ ಎಂಬ ಸಹಸ್ರನಾಮ ಒಪ್ಪಿಸಿದ್ದಳು. ಆತ ಒಂದು ದಿನವೂ ಕೇಳಲಿಲ್ಲ. (ಕೇಳಿದ್ದರೆ ಇಷ್ಟು ಬೇಗ ಗೋಡೆ ಮೇಲಿನ ಫೋಟೊ ಆಗುತ್ತಿರಲಿಲ್ಲ.)

ಈಗ ಪಿತೃಪಕ್ಷ. ಅವನಿಗೆ ಮೊದಲ ಎಡೆ. ಫೋಟೊದ ಮುಂದೆ ಎಲೆ ಹಾಕಿ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯಬೇಕು. ಒಂದು ಅಗುಳು ಅಲ್ಲಾಡಿದ್ದರೂ ಸಾಕು, ಬಂದು ತಿಂದ ಗುರುತು. ಮದ್ದೂರಿನಿಂದ ವಡೆ ಬಂತು. ಹಲಗೂರಿನ ಅಂಗಡಿಯಿಂದ ಬೀಡಿ ಕಟ್ಟು ಬಂತು. ಆದರೆ ಬಾಗಿಲಾಚೆ ನಿಂತಾಗ ಬಾಯಿ ತಪ್ಪಿ ‘ಬ್ಯಾಡಿ’ ಅಂದುಬಿಟ್ಟರೆ? ಬಂದವನು ಹಸಿದುಕೊಂಡೇ ಹೋಗುತ್ತಾನಲ್ಲ!

ಜಗಲಿಯಲ್ಲಿ ಮೊಮ್ಮಗಳು ಪ್ರಿಯಾಂಕ ಮಂಡ್ಯದ ಕಾಲೇಜಿನ ಪರೀಕ್ಷೆಗೆ ಸ್ಪ್ಯಾನಿಷ್ ಉರು ಹೊಡೆಯುತ್ತಿದ್ದಳು.

“ಕೋಮೆ, ತಿನ್ನು. ನೋ ಕೋಮಾಸ್, ತಿನ್‌ಬ್ಯಾಡ. ಫೂಮಾ, ಸೇದು. ನೋ ಫೂಮೆಸ್, ಸೇದ್‌ಬ್ಯಾಡ.”

“ಇದೇನಮ್ಮಿ, ಬಾಲಾನೇ ತಿರುಗ್ತದಲ್ಲ?”

“ಊಂ ಕಣಜ್ಜಿ. ಮುಂದೆ ಒಂದು ನೋ. ಕೊನೇಲಿ ‘ಎ’ ಇದ್ರೆ ‘ಆ’ ಆಯ್ತದೆ, ‘ಆ’ ಇದ್ರೆ ‘ಎ’. ಆಮೇಲೊಂದು ‘ಸ್’. ಸಾವ್ರಾರು ಮಾತ್ಗೂ ಇಷ್ಟೇಯ.”

ಚಿಕ್ಕಬೋರಮ್ಮ ಬೆರಗಾಗಿ ನಿಂತಳು. ತಾನು ‘ಬ್ಯಾಡ’ವನ್ನು ಮುಸುರೆ ನೀರಿನಂತೆ ಎರಚಿದವಳು. ಅಲ್ಲಿ, ಒಂದು ಬ್ಯಾಡಕ್ಕೆ ಮಾತೇ ಮಗ್ಗುಲು ಬದಲಾಯಿಸುತ್ತದೆ! ಎಂಥ ಮರ್ಯಾದಸ್ಥರ ದೇಶವೋ!

“ನಿಮ್ಮ ತಾತಂಗೆ ಈ ಭಾಸೆ ಬತ್ತಿತ್ತಾ?”

“ತಾತಂಗೆ ಇಂಗ್ಲೀಸೇ ಬತ್ತಿರ್ನಿಲ್ಲ, ಬುಡಜ್ಜಿ.”

“ಅಂಗಾದ್ರೆ ಬ್ಯಾಡ ಅನ್ನೋದ್ನ ನಂಗೂ ಕಲ್ಸು. ಬಾಯಿ ತಪ್ಪಿದ್ರೆ ಇದ್ರಲ್ಲೇ ತಪ್ಲಿ. ಅವ್ರಿಗೆ ತಿಳಿಯಾಕಿಲ್ಲ.”

ಸಂಜೆ ಬಾಗಿಲು ಮುಚ್ಚಿತು. ಸಂದಿಯಿಂದ ವಡೆಯ ವಾಸನೆ ಬಂತು. ಬಾಯಿ ತಡೆಯಲಿಲ್ಲ.

“ನೋ ಕೋಮಾಸ್! ನೋ ಫೂಮೆಸ್!”

ಒಂದಕ್ಷರವೂ ತಪ್ಪಲಿಲ್ಲ.

ಬಾಗಿಲು ತೆಗೆದರು. ವಡೆ ಇಟ್ಟ ಹಾಗೇ ಇತ್ತು. ಬೀಡಿ ಕಟ್ಟಿನ ದಾರ ಬಿಚ್ಚಿರಲಿಲ್ಲ. ಒಂದು ಅಗುಳೂ ಅಲ್ಲಾಡಿರಲಿಲ್ಲ.

“ನಲವತ್ತು ವರ್ಸ ಕನ್ನಡದಲ್ಲಿ ಬಾಯಿ ಬಡ್ಕೊಂಡೆ, ಕೇಳ್ನಿಲ್ಲ. ಇದ್ರಲ್ಲಿ ಒಂದೇ ಸಲ ಅಂದೆ, ಕೇಳ್ಬುಟ್ರಲ್ಲಮ್ಮಿ!”

ಚಿಕ್ಕಬೋರಮ್ಮ ಕೈ ಮುಗಿದಳು. ಗಂಡನಿಗೋ ಭಾಷೆಗೋ, ಅವಳಿಗೇ ತಿಳಿಯಲಿಲ್ಲ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಲೇ, ತಿನ್ನಿ ಅನ್ನಾಕೆ ಏನಂತಾರೆ?”

“ಆಗ್ಲೇ ಹೇಳಿದ್ನಲ್ಲಜ್ಜಿ. ಕೋಮೆ.”

“ಬ್ಯಾಡ ಕಲಿಯೋ ಆತ್ರದಲ್ಲಿ ಅದು ಕಿವಿಗೇ ಬೀಳ್ನಿಲ್ಲ ಕಣಮ್ಮಿ.”

ಬಾಗಿಲು ಮತ್ತೆ ಮುಚ್ಚಿದಳು. ಸಂದಿಗೆ ಬಾಯಿಟ್ಟು ಮೆಲ್ಲಗೆ “ಕೋಮೆ” ಎಂದಳು. ವಡೆ ಮುಂದಿಟ್ಟು ಈ ಮಾತನ್ನು ಅವಳು ಕನ್ನಡದಲ್ಲೂ ಎಂದೂ ಆಡಿರಲಿಲ್ಲ.