ಮಂಗ ಓಡಿಸಿದ ವಿಮಾನ

ಕಡಹಿನಬೈಲಿನ ಆ ಕಡೆ ಈಗ ಯಾರನ್ನು ಕೇಳಿದರೂ ಒಂದೇ ಕಥೆ ಹೇಳುತ್ತಾರೆ. ಲಲಿತಕ್ಕನ ಗದ್ದೆಗೆ ಒಬ್ಬ ಲಾಯರ್ ಹುಡುಗಿ ವಿಮಾನ ತಂದು ಹಾರಿಸಿದಳು, ಮಂಗಗಳೆಲ್ಲ ಗುಡ್ಡ ದಾಟಿ ಓಡಿದವು ಎಂದು. ಆ ಹುಡುಗಿ ನಾನೇ ಆದ್ದರಿಂದ ಕಥೆಯನ್ನು ಒಪ್ಪಿಕೊಂಡು ಸುಮ್ಮನಿರುವುದೇ ನನಗೆ ಅನುಕೂಲ. ಆದರೆ ಕಾಲೇಜು ದಿನಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳಿಗೆ ಸುಮ್ಮನಿರುವ ಅಭ್ಯಾಸ ತಪ್ಪಿಹೋಗಿರುತ್ತದೆ. ಎದುರಿನವರು ಒಂದು ಮಾತು ಮುಗಿಸುವ ಮೊದಲೇ ನನ್ನ ಬಲಗೈಯ ತೋರುಬೆರಳು ತಾನಾಗಿ ಮೇಲೇಳುತ್ತದೆ. ವಿಮಾನ ಹಾರಿತು, ಮಂಗ ಹೋಯಿತು, ಆದ್ದರಿಂದ ವಿಮಾನಕ್ಕೆ ಹೆದರಿ ಮಂಗ ಹೋಯಿತು ಎನ್ನುವುದು ವಾದವೇ ಅಲ್ಲ. ನಾನು ಕೊಪ್ಪದಲ್ಲಿ ಬೆಳಗಿನ ಬಸ್ಸು ಹತ್ತಿದ ಮೇಲೆ ಬಿಸಿಲೇರುತ್ತದೆ. ಬಿಸಿಲನ್ನು ಬಸ್ಸು ಎಳೆದು ತಂದಿತು ಎಂದು ಇದುವರೆಗೆ ಯಾವ ಕಂಡಕ್ಟರೂ ಹೇಳಿಕೊಂಡದ್ದಿಲ್ಲ.

ಅಸಲಿಗೆ ವಿಮಾನ ಎಂಬ ಮಾತಿಗೇ ನನ್ನ ತಕರಾರಿದೆ. ಅದು ಫೋಮ್ ಶೀಟನ್ನು ಕತ್ತರಿಸಿ, ಮಡಚಿ, ಬಿಸಿ ಅಂಟು ಹಾಕಿ, ಪ್ಯಾಕಿಂಗ್ ಟೇಪು ಸುತ್ತಿ ನಾನೇ ಮಾಡಿದ ಒಂದು ವಸ್ತು. ಮೂತಿಯಲ್ಲಿ ನಿಂಬೆಹಣ್ಣಿನಷ್ಟು ಮೋಟಾರು, ಹೊಟ್ಟೆಯೊಳಗೆ ಬ್ಯಾಟರಿ, ಬಾಲ ಅಲ್ಲಾಡಿಸಲು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಎರಡು ಮೋಟಾರು, ಕೆಳಗೆ ನಿಂತವಳ ಕೈಯಲ್ಲಿ ರಿಮೋಟು. ನೋಡಿದವರೆಲ್ಲ ಇದನ್ನು ಡ್ರೋನ್ ಎಂದು ಕರೆದು, ಕ್ಯಾಮರಾ ಎಲ್ಲಿ ಎಂದು ಹುಡುಕುತ್ತಾರೆ. ಶೃಂಗೇರಿಯಲ್ಲಿ ಲಾಡ್ಜ್ ನಡೆಸುವ ನನ್ನ ದೊಡ್ಡಪ್ಪ ಅದನ್ನು ತಿರುಗಿಸಿ, ಮಗುಚಿ, ಹೊಟ್ಟೆಯ ಮುಚ್ಚಳ ತೆಗೆದು ಪರೀಕ್ಷಿಸಿ, ಕ್ಯಾಮರಾ ಇಲ್ಲದಿದ್ದರೆ ಇದು ಮೇಲೆ ಹೋಗಿ ಮಾಡುವುದೇನು ಎಂದು ಕೇಳಿದರು. ಅದು ಮೇಲೆ ಹೋಗಿ ಕೆಳಗೆ ಬರುತ್ತದೆ, ಅಷ್ಟೆ. ಬಂದ ರೀತಿಯನ್ನು ಅವಲಂಬಿಸಿ ನನಗೆ ವಾರವಿಡೀ ಕೆಲಸವಿರುತ್ತದೆ. ಹಾರಿಸುವುದು ಹವ್ಯಾಸ ಎಂದು ಹೇಳಿಕೊಳ್ಳುತ್ತೇನಾದರೂ ಸಮಯದ ಲೆಕ್ಕ ಹಿಡಿದರೆ ನನ್ನ ಹವ್ಯಾಸ ಅಂಟಿಸುವುದು.

ನಮ್ಮ ಕಡೆ ಈ ಹವ್ಯಾಸಕ್ಕೆ ಇರುವ ದೊಡ್ಡ ಅಡ್ಡಿ ಭೂಗೋಳ. ವಿಮಾನಕ್ಕೆ ಬೇಕಾದದ್ದು ಸಪಾಟು ಜಾಗ, ನಮ್ಮಲ್ಲಿ ಇರುವುದು ಏರು ಮತ್ತು ಇಳಿಜಾರು. ಇದ್ದಬದ್ದ ಸಪಾಟನ್ನೆಲ್ಲ ಕ್ರಿಕೆಟ್ಟಿನವರು ಮೊದಲೇ ಹಿಡಿದಿದ್ದಾರೆ. ಕೊಪ್ಪದ ಮೈದಾನದ ಮೂಲೆಯಲ್ಲಿ ಒಮ್ಮೆ ಹಾರಿಸಲು ಹೋದಾಗ ಗಾಳಿ ತಳ್ಳಿ ವಿಮಾನ ನೇರ ಪಿಚ್ಚಿನ ಮೇಲೆ ಬಂತು. ಫೀಲ್ಡರ್ ಒಬ್ಬ ಹಿಂದಕ್ಕೆ ಓಡಿ, ಹಾರಿ, ಎರಡೂ ಕೈಯಲ್ಲಿ ಅದನ್ನು ಹಿಡಿದೇಬಿಟ್ಟ. ಉಳಿದವರು ಅಪೀಲು ಮಾಡಿದರು, ಅಂಪೈರು ಬೆರಳೆತ್ತಿದ, ನಾನು ಔಟಾದೆ. ಮತ್ತೆ ಆ ಕಡೆ ಹೋಗಿಲ್ಲ.

ಹೀಗಿರುವಾಗ ಕಚೇರಿ ಕೆಲಸದ ಮೇಲೆ ಕಡಹಿನಬೈಲಿಗೆ ಹೋಗಿದ್ದೆ. ನಾನು ನರಸಿಂಹರಾಜಪುರದಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗಿದ್ದೇನೆ. ಫೈಲು ಹೊರುವುದು ಸದ್ಯದ ವಕಾಲತ್ತು. ಅಲ್ಲಿ ಕೊಯ್ಲು ಮುಗಿದ ಒಂದು ಗದ್ದೆ ಕಂಡಿತು. ಉದ್ದಕ್ಕೆ ಬಿದ್ದುಕೊಂಡಿತ್ತು, ನಡುವೆ ಮರವಿಲ್ಲ, ತಂತಿಯಿಲ್ಲ. ಕೊಯ್ದುಳಿದ ಕೂಳೆ ಒಳ್ಳೆಯ ಹಾಸಿಗೆಯ ಹಾಗಿತ್ತು. ವಿಮಾನ ಎಷ್ಟೇ ಕೆಟ್ಟದಾಗಿ ಇಳಿದರೂ ಅದು ಸಹಿಸಿಕೊಳ್ಳುತ್ತದೆ. ಗದ್ದೆಯ ಒಂದು ಅಂಚಿನಲ್ಲಿ ಬೆಂಡೆ, ಅಲಸಂದೆ, ಬದುವಿನ ಮೇಲೆ ಬಾಳೆ. ಅಲಸಂದೆ ಕೊಯ್ಯುತ್ತಿದ್ದ ಹೆಂಗಸೇ ಗದ್ದೆಯ ಒಡತಿ ಲಲಿತಕ್ಕ. ಭಾನುವಾರ ಇಲ್ಲಿ ವಿಮಾನ ಹಾರಿಸಬಹುದೇ ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸದ್ದು ಮಾಡುತ್ತದೆಯೇ ಎಂದು ವಿಚಾರಿಸಿದರು. ಸ್ವಲ್ಪ ಮಾಡುತ್ತದೆ, ಕ್ಷಮಿಸಬೇಕು ಎಂದೆ. ಕ್ಷಮೆ ಬೇಡ, ಸದ್ದು ಜೋರಾಗಿರಲಿ, ಮಂಗ ಓಡಲಿ ಎಂದರು. ಕರಾರು ಹಾಗೆ ಆಯಿತು.

ಕರಾರಿನ ಹಿಂದೆ ಇನ್ನೊಂದು ವ್ಯಾಜ್ಯವಿದೆ ಎಂಬುದು ಆಮೇಲೆ ತಿಳಿಯಿತು. ಲಲಿತಕ್ಕನ ಮೈದುನ ತಿಮ್ಮಪ್ಪಣ್ಣನಿಗೆ ಆ ಗದ್ದೆಗೆ ಶುಂಠಿ ಹಾಕಬೇಕೆಂಬ ಆಸೆ. ಅವರ ವಾದ ಗಟ್ಟಿಯಾಗಿತ್ತು: ತರಕಾರಿ ಹಾಕಿದರೆ ಮಂಗ ತಿನ್ನುತ್ತದೆ, ಬಾಳೆ ನೆಟ್ಟರೆ ಮಂಗ ತಿನ್ನುತ್ತದೆ, ಮಂಗ ಮುಟ್ಟದ ಬೆಳೆ ಶುಂಠಿ. ಲಲಿತಕ್ಕನದು ಒಂದೇ ಮಾತು, ಶುಂಠಿ ಹಾಕಿದ ಗದ್ದೆ ಮತ್ತೆ ಮೊದಲಿನ ಹಾಗೆ ಭತ್ತ ಕೊಡುವುದಿಲ್ಲ. ಕೊನೆಗೆ ಒಪ್ಪಂದವಾಗಿತ್ತಂತೆ. ಈ ಬೇಸಿಗೆ ತರಕಾರಿ ಮಂಗನ ಪಾಲಾದರೆ ಗದ್ದೆ ಶುಂಠಿಗೆ. ಆಗಲೇ ಮಂಗಗಳ ಹಿಂಡು ಒಂದೆರಡು ಸಲ ಬಂದು ಬೆಂಡೆಯ ರುಚಿ ನೋಡಿ ಹೋಗಿತ್ತು. ಅಂದರೆ ನಾನು ರನ್‌ವೇ ಎಂದುಕೊಂಡಿದ್ದ ಜಾಗ ನಿಂತಿದ್ದು ಮಂಗಗಳ ಮರ್ಜಿಯ ಮೇಲೆ.

ನಾನು ಹಾರಿಸಲು ಶುರುಮಾಡಿದ ಮೇಲೆ ಮಂಗಗಳು ಬರಲಿಲ್ಲ. ಇದು ಸತ್ಯ. ನನ್ನ ವಿಮಾನದ ಪ್ರೊಪೆಲ್ಲರಿನ, ಅಂದರೆ ಮೂತಿಯಲ್ಲಿ ತಿರುಗುವ ಫ್ಯಾನಿನ, ಒಂದು ತುದಿ ಕಲ್ಲಿಗೆ ತಾಗಿ ಚಕ್ಕೆ ಹಾರಿತ್ತು. ಒಂದು ಕಡೆ ಹಗುರಾದ ಪ್ರೊಪೆಲ್ಲರು ತಿರುಗಿದರೆ ಇಡೀ ಮೈ ನಡುಗಿ ಕೆಟ್ಟ ಸದ್ದು ಬರುತ್ತದೆ. ಬದಲಿಸಬೇಕಾಗಿತ್ತು, ಸೋಮಾರಿತನದಿಂದ ಬಿಟ್ಟಿದ್ದೆ. ಆ ಸೋಮಾರಿತನದ ಸದ್ದನ್ನೇ ಲಲಿತಕ್ಕ ಊರಿಗೆಲ್ಲ ಹೊಗಳಿದರು. ತಿಮ್ಮಪ್ಪಣ್ಣ ಒಬ್ಬರೇ ಒಪ್ಪಲಿಲ್ಲ. ಗಾಳಿಪಟಕ್ಕೆ ಹೆದರುವ ಮಂಗವನ್ನು ತಾನು ಕಂಡಿಲ್ಲ, ಅವು ಬೇರೆಲ್ಲೋ ಮೇಯಲು ಹೋಗಿವೆ, ಬರುತ್ತವೆ ಎಂದು ಅವರ ವಾದ. ನನ್ನ ಸಂಕಟ ನೋಡಿ: ಊರಿನಲ್ಲಿ ಸರಿಯಾಗಿ ಯೋಚಿಸುತ್ತಿದ್ದವರು ಒಬ್ಬರೇ, ಅವರು ನನ್ನ ಎದುರು ಪಕ್ಷ.

ಬೇರೆ ಯಾರಾದರೂ ಬಾಯಿ ಮುಚ್ಚಿಕೊಂಡು ಹಾರಿಸುತ್ತಿದ್ದರು. ನಾನು ಒಂದು ಭಾನುವಾರ, ವಿಮಾನ ಮೇಲಿರುವಾಗಲೇ, ಲಲಿತಕ್ಕನಿಗೆ ಕಾರಣ ಮತ್ತು ಕಾಕತಾಳೀಯದ ವ್ಯತ್ಯಾಸ ವಿವರಿಸಲು ಹೊರಟೆ. ಮಂಗ ಹೋದದ್ದಕ್ಕೆ ಬೇರೆ ಕಾರಣಗಳೂ ಇರಬಹುದಲ್ಲ ಎಂದೆ. ಇದ್ದರೆ ಒಂದು ಹೇಳು ನೋಡುವ ಎಂದರು. ಅಷ್ಟು ಸಾಕಾಯಿತು. ತೋರುಬೆರಳು ಮೇಲೆದ್ದಿತು; ಬೆರಳು ಏಳಬೇಕಾದರೆ ಕೈ ರಿಮೋಟನ್ನು ಬಿಡಲೇಬೇಕು. ನನ್ನ ವಾಕ್ಯ ಚೆನ್ನಾಗಿಯೇ ಮುಗಿಯಿತು. ತಲೆಯೆತ್ತಿದರೆ ವಿಮಾನ ಗುಡ್ಡದ ಮೇಲೆ ಒಂದು ಚುಕ್ಕಿ. ಚುಕ್ಕಿಯ ತೊಂದರೆಯೆಂದರೆ ಅದು ಬರುತ್ತಿದೆಯೋ ಹೋಗುತ್ತಿದೆಯೋ ಗೊತ್ತಾಗುವುದಿಲ್ಲ. ಎದುರು ಬರುವ ವಿಮಾನಕ್ಕೆ ನಮ್ಮ ಎಡ ಅದರ ಬಲ. ಬರುತ್ತಿದೆ ಎಂದು ತೀರ್ಮಾನಿಸಿ ತಿರುಗಿಸಿದೆ. ಅದು ಹೋಗುತ್ತಿತ್ತು.

ಹುಡುಕಲು ಲಲಿತಕ್ಕನೂ ಬಂದರು, ಕೈಯಲ್ಲಿ ಕಾಯಿ ಕೀಳುವ ಉದ್ದದ ದೋಟಿ ಹಿಡಿದುಕೊಂಡು. ಗುಡ್ಡದಾಚೆ ಒಂದು ದೊಡ್ಡ ಗೋಳಿಮರವಿದೆ. ಹಣ್ಣು ಬಿಟ್ಟು ಕೆಂಪಾಗಿತ್ತು. ಕಳೆದುಹೋದ ಮಂಗಗಳೆಲ್ಲ, ಮರಿ ಮುದುಕರ ಸಮೇತ, ಅಲ್ಲಿ ಊಟಕ್ಕೆ ಕೂತಿದ್ದವು. ವಿಮಾನ ನಡುವಿನ ಕೊಂಬೆಯಲ್ಲಿ ಸಿಕ್ಕಿಕೊಂಡು ಇನ್ನೂ ಬಾಲ ಅಲ್ಲಾಡಿಸುತ್ತಿತ್ತು. ಅದರ ರೆಕ್ಕೆಯ ಮೇಲೆ ಒಂದು ತಾಯಿಮಂಗ ಮರಿಯನ್ನು ಕೂರಿಸಿಕೊಂಡು ಹೇನು ಆರಿಸುತ್ತಿತ್ತು. ನನಗಿಂತ ಮೊದಲು ಕಂಡದ್ದು ಲಲಿತಕ್ಕನಿಗೆ. "ಅಲ್ಲಿ ನೋಡು ಮಾರಾಯ್ತಿ, ಬಸ್ಸಲ್ಲಿ ಸೀಟು ಸಿಕ್ಕಿದ ಹಾಗೆ ಕೂತಿದೆ" ಎಂದರು. ದೊಡ್ಡ ಗಡವವೊಂದು ಬಾಲದ ತುಂಡು ಕಿತ್ತು, ಮೂಸಿ, ಕಚ್ಚಿ, ರುಚಿಯಿಲ್ಲವೆಂದು ಎಸೆಯಿತು. ಇಂಥ ಸಾಕ್ಷ್ಯ ಸಿಕ್ಕಿದ ಮೇಲೆ ವಕೀಲರು ಮಾತಾಡಬಾರದು. ಲಲಿತಕ್ಕ ದೋಟಿಯಿಂದ ಕೊಂಬೆ ಅಲ್ಲಾಡಿಸಿ ವಿಮಾನವನ್ನು ಬೀಳಿಸಿದರು. ಮನೆ ಹತ್ತಿರ ಬಂದಾಗ ಪಕ್ಕದ ಮನೆಯವರು ಏನಾಯಿತೆಂದು ಕೇಳಿದರು. ಲಲಿತಕ್ಕ ನಿಂತು, ವಿಮಾನ ಮಂಗಗಳನ್ನು ಗುಡ್ಡದಾಚೆವರೆಗೂ ಅಟ್ಟಿಸಿಕೊಂಡು ಹೋಗಿತ್ತು ಎಂದು ಶಾಂತವಾಗಿ ಹೇಳಿದರು.

ರಿಪೇರಿಗೆ ಕೆಲವು ವಾರ ಹಿಡಿಯಿತು. ಹೊಸ ಬಾಲ, ರೆಕ್ಕೆಯೊಳಗೆ ಬಿದಿರು ಕಡ್ಡಿ, ಅಂಟಿನ ಭಾರಕ್ಕೆ ಹಿಂದೆ ವಾಲದ ಹಾಗೆ ಮೂತಿಗೆ ಒಂದು ಸೀಸದ ತುಂಡು. ಪ್ರೊಪೆಲ್ಲರನ್ನೂ ಬದಲಿಸಿದೆ. ಹೊಸದನ್ನು ಸಣ್ಣ ಸರಳಿಗೆ ಪೋಣಿಸಿ, ಯಾವ ಕಡೆ ಇಳಿಯುತ್ತದೆ ನೋಡಿ, ಎದುರು ಕಡೆಗೆ ಚೂರು ಟೇಪು ಅಂಟಿಸಿ, ತಕ್ಕಡಿಯ ಹಾಗೆ ನಿಲ್ಲುವವರೆಗೆ ಬಿಡಲಿಲ್ಲ. ಸದ್ದು ಜೇನುನೊಣದಷ್ಟಾಯಿತು. ಇಷ್ಟು ದಿನ ವಿಮಾನ ಹಾರಲಿಲ್ಲ, ಮಂಗವೂ ಬರಲಿಲ್ಲ, ಹಾಗಾದರೆ ನಿಮ್ಮ ವಾದ ಏನಾಯಿತು ಎಂದು ಫೋನಿನಲ್ಲಿ ಲಲಿತಕ್ಕನನ್ನು ಕೆಣಕಿದೆ. ಹೆದರಿಕೆ ಅಷ್ಟು ಬೇಗ ಇಳಿಯುತ್ತದೆಯೇ ಎಂದು ಅವರು ಕೇಳಿದರು. ಯಾವ ಸಾಕ್ಷ್ಯ ಕೊಟ್ಟರೂ ಸೋಲದ ವಾದಕ್ಕೆ ಸ್ಪರ್ಧೆಗಳಲ್ಲಿ ಅಂಕ ಕಳೆಯುತ್ತಾರೆ. ಕಡಹಿನಬೈಲಿನಲ್ಲಿ ತೀರ್ಪುಗಾರರಿರಲಿಲ್ಲ.

ಮತ್ತೆ ಹಾರಿಸಿದ ಭಾನುವಾರ ಗೋಳಿಹಣ್ಣು ಮುಗಿದಿತ್ತು. ನನ್ನ ವಿಮಾನ ನುಣ್ಣಗೆ ಸುತ್ತು ಹಾಕುತ್ತಿದ್ದ ಹಾಗೆಯೇ ಹಿಂಡು ಬದು ದಾಟಿ ಅಲಸಂದೆಗೆ ಇಳಿಯಿತು. ಒಂದೆರಡು ಮಂಗಗಳು ಅಲಸಂದೆ ಜಗಿಯುತ್ತ ತಲೆಯೆತ್ತಿ ವಿಮಾನ ನೋಡಿದವು. ಎಲ್ಲಿಂದಲೋ ತಿಮ್ಮಪ್ಪಣ್ಣ ಹಾಜರಾದರು. ಮೊದಲು ಕಲ್ಲು ಹೊಡೆದು ಮಂಗ ಓಡಿಸಿದರು, ಅದಕ್ಕಾಗಿ ಅವರನ್ನು ಮೆಚ್ಚುತ್ತೇನೆ. ಆಮೇಲೆ ಸೊಂಟಕ್ಕೆ ಕೈಯಿಟ್ಟು ನನ್ನ ಪಕ್ಕ ನಿಂತರು.

"ಎಂತ ಲಾಯರಮ್ಮ, ನಿಮ್ಮ ವಿಮಾನ ಮೇಲೆ, ಮಂಗ ಕೆಳಗೆ. ಇಬ್ಬರಿಗೂ ಪರಿಚಯ ಇದ್ದ ಹಾಗೆ ಕಾಣ್ತದಲ್ಲ."

ನಾನು ವಿಮಾನ ಇಳಿಸುವುದರಲ್ಲಿ ಮಗ್ನಳಾದಂತೆ ನಟಿಸಿದೆ. ತಿಮ್ಮಪ್ಪಣ್ಣ ಅತ್ತಿಗೆಯ ಕಡೆ ತಿರುಗಿ, ಮಾತು ಮಾತೇ, ನಾಳೆಯೇ ಟಿಲ್ಲರು ತರುವುದು ಎಂದರು. ಲಲಿತಕ್ಕ ಮುರಿದ ಅಲಸಂದೆ ಬಳ್ಳಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಮುಖದಲ್ಲಿ ಗಾಬರಿಯಿರಲಿಲ್ಲ. "ಅವಳನ್ನೇ ಕೇಳು ತಿಮ್ಮಪ್ಪ" ಎಂದರು. "ಅವಳು ಸುಳ್ಳು ಹೇಳೋಳಲ್ಲ."

ನನಗೆ ಸತ್ಯ ಗೊತ್ತಿತ್ತು. ಒಂದೇ ವಾಕ್ಯದ್ದು. ಬಾಯಿ ತೆರೆದೆ, ಬೆರಳೂ ಎದ್ದಿತು.

"ತಿಮ್ಮಪ್ಪಣ್ಣ, ಮೊದಲಿದ್ದ ಪ್ರೊಪೆಲ್ಲರಿನ ಸದ್ದೇ ಬೇರೆ. ಇದು ಹೊಸದು, ಸದ್ದು ಕಡಿಮೆ. ಹಳೇದನ್ನ ಹಾಕಿ ನೋಡದೆ ವಿಮಾನಕ್ಕೆ ಮಂಗ ಹೆದರೋದಿಲ್ಲ ಅಂತ ಹೇಳೋಕೆ ಬರೋದಿಲ್ಲ."

ಪ್ರತಿ ವಾಕ್ಯವೂ ನಿಜ. ಒಟ್ಟಿಗೆ ಸೇರಿಸಿದರೆ ಅಪ್ಪಟ ಸುಳ್ಳು. ಚೀಟಿ ಎತ್ತಿ ಪರವೋ ವಿರೋಧವೋ ಬಂದ ಪಕ್ಷಕ್ಕೆ ಮಾತಾಡಿ ಬೆಳೆದವಳಿಗೆ ಇದೇನೂ ಕಷ್ಟದ ಕೆಲಸವಲ್ಲ, ಈ ಸಲ ಚೀಟಿ ಇರಲಿಲ್ಲ ಅಷ್ಟೆ. ತಿಮ್ಮಪ್ಪಣ್ಣ ವಾದಿಸುತ್ತಾರೆಂದು ಕಾದೆ. ಅವರು ಪ್ರೊಪೆಲ್ಲರನ್ನು ಬೆರಳಿನಿಂದ ಒಮ್ಮೆ ತಿರುಗಿಸಿ ಯೋಚಿಸಿದರು. "ಅದೂ ಹೌದು" ಎಂದರು. "ನಮ್ಮ ಟಿಲ್ಲರಿಗೆ ಸೈಲೆನ್ಸರ್ ಬದಲಿಸಿದ ಮೇಲೆ ನಾಯಿ ಸಹ ಎದ್ದು ದಾರಿ ಬಿಡ್ತಿಲ್ಲ." ಊರಿನ ಏಕೈಕ ವಿಚಾರವಾದಿಯನ್ನು ನಾನು ಹೀಗೆ ನನ್ನ ಕೈಯಾರೆ ಹಾಳುಮಾಡಿದೆ. ಶುಂಠಿಯ ಮಾತು ಮುಂದಿನ ಬೇಸಿಗೆಗೆ ಹೋಯಿತು.

ಈಗ ನನ್ನ ವಿಮಾನಕ್ಕೆ ಮತ್ತೆ ಆ ಚಕ್ಕೆ ಹಾರಿದ ಪ್ರೊಪೆಲ್ಲರೇ. ಅದರ ನಡುಕಕ್ಕೆ ಸ್ಕ್ರೂಗಳು ಸಡಿಲವಾಗುತ್ತವೆ, ಅಂಟು ಬಿಡುತ್ತದೆ, ಪ್ರತಿ ಶನಿವಾರ ಕೂತು ಬಿಗಿಮಾಡುತ್ತೇನೆ. ಮಂಗಗಳು ಆಮೇಲೂ ಬಂದವು, ಅಲಸಂದೆ ಮುಗಿದ ಮೇಲೆ ಹೋದವು. ಊರಿನವರು ಹಳೇ ಪ್ರೊಪೆಲ್ಲರಿಗೆ ಹೆದರಿ ಹೋದವು ಎನ್ನುತ್ತಾರೆ. ಮೊನ್ನೆ ಒಬ್ಬರು ನಾರ್ವೆಯಿಂದ, ದೇಶವಲ್ಲ, ನಮ್ಮ ಕೊಪ್ಪದ ಹತ್ತಿರದ ಊರು, ಫೋನು ಮಾಡಿ, ಅವರ ಬಾಳೆಯ ಮೇಲೂ ಒಮ್ಮೆ ಹಾರಿಸಿಕೊಡಬೇಕೆಂದು ಕೇಳಿಕೊಂಡರು. ಖರ್ಚು ಕೊಡುತ್ತಾರಂತೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಮಂಗವಲ್ಲ. ಕಳೆದ ಭಾನುವಾರ ಬದುವಿನ ಮೇಲೆ ಕೂತು ಲಲಿತಕ್ಕ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದೆ. ಅವರು ಬಲಿತ ಬೆಂಡೆಯನ್ನು ಬೀಜಕ್ಕೆಂದು ಬೇರೆ ತೆಗೆದಿಡುತ್ತಿದ್ದರು. ವಿಮಾನ ಕೆಳಗಿತ್ತು, ಕೈಯಲ್ಲಿ ರಿಮೋಟಿರಲಿಲ್ಲ, ಬೆರಳೆತ್ತಲು ಅಡ್ಡಿಯೇನೂ ಇರಲಿಲ್ಲ. ಆದರೂ ಎತ್ತದೆಯೇ ಕೇಳಿದೆ.

"ಲಲಿತಕ್ಕ, ಗೋಳಿಮರದ ಕೆಳಗೆ ಅವತ್ತು ನೀವೂ ನನ್ನ ಪಕ್ಕದಲ್ಲೇ ನಿಂತಿದ್ರಿ. ಮಂಗ ರೆಕ್ಕೆ ಮೇಲೆ ಕೂತಿದ್ದನ್ನ ನನಗೆ ತೋರಿಸಿದ್ದೇ ನೀವು. ಹಾಗಾದ್ರೆ ತಿಮ್ಮಪ್ಪಣ್ಣನ ಎದುರು 'ಅವಳು ಸುಳ್ಳು ಹೇಳೋಳಲ್ಲ' ಅಂದ್ರಲ್ಲ, ಆಗ ನಾನು ಎಂತ ಹೇಳ್ತೇನೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

ಲಲಿತಕ್ಕ ಇನ್ನೊಂದು ಬಲಿತ ಬೆಂಡೆಯನ್ನು ಬೀಜದ ಗುಡ್ಡೆಗೆ ಹಾಕಿ, "ಸುಳ್ಳು ಹೇಳೋಳಲ್ಲ ಅಂದೆ ಮಾರಾಯ್ತಿ, ವಾದ ಮಾಡೋಳಲ್ಲ ಅಂತ ಹೇಳಿದ್ನಾ?" ಎಂದರು.