ನೆಲದಡಿಯಿಂದ ಬಂದ ಮಳೆ

ಪುರಸಭೆಯ ಒಳಚರಂಡಿ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಾವೂ ತಮ್ಮ ರಬ್ಬರ್ ಮೊಹರೂ ಕ್ಷೇಮವಾಗಿ, ಮುಖ್ಯವಾಗಿ ನೆನೆಯದೆ, ಇರುವಿರೆಂದು ನಂಬಿ, ಮೊರಾವಾ ನದಿಯ ಬಯಲಿನ ನಮ್ಮೂರ ಗಿರಣಿ ಬೀದಿಯಿಂದ ಯಾಗೊಡ ಎಂಬ ನಾನು ಮಾಡುವ ಅನಂತ ನಮಸ್ಕಾರಗಳು.

ನನ್ನ ಗಂಡ ಸ್ಲಾವೊಮಿರ್ ನಮ್ಮ ಮನೆಯ ನೆಲಮಾಳಿಗೆಯಲ್ಲಿ, ತಿದಿ ಎಳೆದು ನುಡಿಸುವ ಅಕಾರ್ಡಿಯನ್ ವಾದ್ಯಗಳ ರಿಪೇರಿ ಮಾಡುತ್ತಾರೆ. ಜೂನ್ ಮಳೆಗೆ ಹೆದರಿ ನಾವು ಕಿಟಕಿ, ಬಾಗಿಲಿಗೆ ಮರಳಿನ ಚೀಲ ಒಟ್ಟಿದೆವು, ಗೋಡೆಗೆ ಟಾರು ಬಳಿದೆವು, ಸೂರಿನ ನೀರನ್ನು ತೋಟದಾಚೆಗೆ ಹರಿಸಿದೆವು. ಉಳಿದದ್ದು ನೀರು ಹೊರಹೋಗುವ ನೆಲದ ಜಾಲರಿ ಮಾತ್ರ. ಬೀದಿಯ ಚರಂಡಿ ತುಂಬಿದರೆ ನೀರು ಅಲ್ಲಿಂದಲೇ ಮೇಲೇರುತ್ತದೆಂದು, ಹೊರಗೆ ಬಿಟ್ಟು ಒಳಗೆ ಬಿಡದ ವಾಲ್ವೊಂದನ್ನು ಕೂರಿಸಲು ಮಾರ್ಚಿನಲ್ಲೇ ತಮ್ಮ ಅನುಮತಿ ಬೇಡಿದೆವು. ಮೇ ತಿಂಗಳಲ್ಲಿ ತಾವು ಖುದ್ದಾಗಿ ದಯಮಾಡಿಸಿ, ನಾನು ಪಾಕಕ್ಕೆ ಹಾಕಿಟ್ಟಿದ್ದ ಚೆರ್ರಿಯನ್ನು ಎರಡು ಸಲ ಬಡಿಸಿಕೊಂಡು, ಬಗ್ಗಿ ನೆಲ ಮುಟ್ಟಿ ನೋಡಿ, "ಒಣಗಿದೆಯಲ್ಲಮ್ಮಾ, ಒಣ ನೆಲಕ್ಕೆ ಹೇಗೆ ಅನುಮತಿ ಕೊಡಲಿ?" ಎಂದಿರಿ. ಇಂಥ ತರ್ಕದ ಮುಂದೆ ನಾವು ತಲೆಬಾಗದೆ ಇನ್ನೇನು ಮಾಡುವುದು?

ಜೂನ್ ಎರಡನೆಯ ಶನಿವಾರ ಮಧ್ಯಾಹ್ನ, ತಮಗೆ ಬೇಕಿದ್ದ ಪುರಾವೆ ಜಾಲರಿಯಿಂದ ಬುಗ್ಗೆಯಾಗಿ ಎದ್ದಿತು. ಮರಳಿನ ಚೀಲಗಳು ನಿಷ್ಠೆಯಿಂದ ದುಡಿದವು: ಒಳಗಿನ ನೀರಿನ ಒಂದು ಹನಿಯನ್ನೂ ಹೊರಹೋಗಲು ಬಿಡಲಿಲ್ಲ. ಅಲ್ಲಿದ್ದವು ಹನ್ನೊಂದು ಅಕಾರ್ಡಿಯನ್‌ಗಳು. ಹತ್ತು ಮದುವೆ ವಾದ್ಯಗಾರರವು, ಅವರ ಇಡೀ ಬೇಸಿಗೆಯ ದುಡಿಮೆ. ಮೊಣಕಾಲುದ್ದ ನೀರಿನಲ್ಲಿ ನಾವಿಬ್ಬರೂ ಪರದಾಡುತ್ತಿದ್ದಾಗ, ನಮ್ಮ ಅಕ್ರೋಟು ಮರದ ನೆರಳು ತನ್ನ ದ್ರಾಕ್ಷಿಯ ಮೇಲೆ ಬೀಳುತ್ತದೆಂದು ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದ ಪಕ್ಕದ ಮನೆಯ ಟಿಹೊಮಿರ್, ವೈನ್ ಎಳೆಯುವ ಪಂಪು ಹೊತ್ತು ಮೆಟ್ಟಿಲಿಳಿದ. "ಮೊದಲು ವಾದ್ಯದ ಪೆಟ್ಟಿಗೆ ಎತ್ತಿ ಕೊಡು ಯಾಗೊಡಾ, ಜಗಳ ಆಮೇಲೆ ಮುಂದುವರಿಸೋಣ," ಎಂದ.

ಹತ್ತು ಉಳಿದವು. ಹನ್ನೊಂದನೆಯದು ಸ್ಲಾವೊಮಿರ್‌ಗೆ ಕಸುಬು ಕಲಿಸಿದ ಗುರುಗಳದು. ಅದನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಗಂಡ ಸಂಜೆಯವರೆಗೂ ಮೆಟ್ಟಿಲ ಮೇಲೆ ಕೂತಿದ್ದರು. ಎಳೆದರೆ ನೀರು ಬರುತ್ತಿತ್ತು, ಸ್ವರ ಬರಲಿಲ್ಲ. ಈ ಸಾಲನ್ನು ತಮಾಷೆಯಾಗಿ ಬರೆಯಲು ನನ್ನಿಂದ ಆಗಲಿಲ್ಲ, ಕ್ಷಮಿಸಿ.

ಸೋಮವಾರವೇ ಅನುಮತಿಯಿಲ್ಲದೆ ವಾಲ್ವ್ ಕೂರಿಸಿದೆವು. ಜುಲೈ ಮಳೆ ಇನ್ನೂ ಜೋರಾಗಿ ಬಂತು. ನಮ್ಮ ನೆಲ ಒದ್ದೆಯಾಗಲಿಲ್ಲ. ವಾಲ್ವನ್ನು ಹದಿನೈದು ದಿನದೊಳಗೆ ತೆಗೆಯಬೇಕೆಂಬ ತಮ್ಮ ನೋಟಿಸು ಮಾತ್ರ ಬಂತು. ಸಂತೋಷದಿಂದ ತೆಗೆಯುತ್ತೇವೆ. ಅದಕ್ಕೆ ಮೊದಲು, ಮೋಡಗಳೂ ತಮ್ಮಲ್ಲಿ ಮೂರು ಪ್ರತಿಗಳಲ್ಲಿ ಅರ್ಜಿ ಹಾಕಿ, ಪರಿಶೀಲನೆ ಮುಗಿಯುವವರೆಗೆ ಆಕಾಶದಲ್ಲೇ ಸರದಿಯಲ್ಲಿ ನಿಲ್ಲತಕ್ಕದ್ದೆಂದು ಆದೇಶ ಹೊರಡಿಸಬೇಕಾಗಿ ಪ್ರಾರ್ಥನೆ.

ಇಷ್ಟಾದರೂ ತಮ್ಮ ವಿಶ್ವಾಸಿ,
ಯಾಗೊಡ ರಿಸ್ಟಿಚ್

ವಿ.ಸೂ.: ನಮ್ಮನ್ನು ನೋಡಿ ಬೀದಿಯ ಹತ್ತೊಂಬತ್ತು ಮನೆಗಳವರೂ ವಾಲ್ವ್ ಹಾಕಿಸಿಕೊಂಡಿದ್ದಾರೆ. ಚರಂಡಿಯ ನೀರಿಗೆ ಈಗ ಬಾಗಿಲು ತೆರೆದಿರುವುದು ಬೀದಿಯ ಕೊನೆಯ ತಗ್ಗಿನಲ್ಲಿರುವ ತಮ್ಮ ಕಚೇರಿಯ ನೆಲಮಾಳಿಗೆಯದೊಂದೇ. ಗುರುವಾರ ಜೋರು ಮಳೆಯೆಂದು ರೇಡಿಯೋದವರು ಹೇಳುತ್ತಿದ್ದಾರೆ.