ಕಲ್ಯಾಣದುರ್ಗದ ಅಳಿಯನ ಐದು ಗುಂಡಿ

ಇನ್ಶೂರೆನ್ಸ್ ಕಂಪನಿ ಮೇಲೆ ಸುಬ್ಬರಾಯಪ್ಪನ ಸಿಟ್ಟು ಇವತ್ತಿಗೂ ಇಳಿದಿಲ್ಲ. ದುಡ್ಡು ಕೊಡಲಿಲ್ಲ ಅಂತಲ್ಲ. ಲೋಕದಲ್ಲಿರೋ ಊರೆಲ್ಲ ಬಿಟ್ಟು ಕಲ್ಯಾಣದುರ್ಗದಿಂದಲೇ ತನಿಖೆಗೆ ಆಳು ಕಳಿಸಿದರಲ್ಲ, ಅದಕ್ಕೆ. ಕಲ್ಯಾಣದುರ್ಗ ಅವನ ಹೆಂಡತಿ ಕದಿರಮ್ಮನ ತವರು. ಇಪ್ಪತ್ತೆಂಟು ವರ್ಷದಿಂದ ಅಲ್ಲಿ ಅವನು ಮೀಸೆ ಇಳಿಸದ ಅಳಿಯ. (ತನ್ನೂರು ಹಿಂದೂಪುರದಲ್ಲಿ ಅದೇ ಮೀಸೆಯನ್ನ ಯಾರೂ ತಿರುಗಿ ನೋಡಲ್ಲ, ಆ ಮಾತು ಬೇರೆ.)

ಸುಬ್ಬರಾಯಪ್ಪ ರೇಷ್ಮೆ ಸೀರೆ ನೇಯೋನು. ಎರಡು ವರ್ಷದ ಹಿಂದೆ ಬಲಗೈ ಯಜಮಾನನ ಅಪ್ಪಣೆ ಕೇಳದೆ ನಡುಗೋಕೆ ಶುರು ಮಾಡ್ತು. ಡಾಕ್ಟರು ಪಾರ್ಕಿನ್ಸನ್ ಅಂದರು. ನರ ದಿನಾ ಒಂಚೂರು ಸವೆಯೋ ಕಾಯಿಲೆ, ವಾಸಿಯಾಗೋದಲ್ಲ. ಪುಣ್ಯಕ್ಕೆ, ಇಂಥ ದೊಡ್ಡ ರೋಗಗಳಿಗೆ ಅಂತಲೇ ಭಾಮೈದ ದಯಾನಂದ್ ಯಾವತ್ತೋ ಒಂದು ಪಾಲಿಸಿ ಅಂಟಿಸಿದ್ದ. ಐದು ಲಕ್ಷ ಬಂದರೆ ಕೂಲಿ ನೇಕಾರನ್ನ ಇಟ್ಟು ಮಗ್ಗ ಉಳಿಸಬಹುದು, ಇಲ್ಲದಿದ್ದರೆ ಮಾರಬೇಕು. ಷರತ್ತು ಒಂದೇ. ಸ್ನಾನ, ಬಟ್ಟೆ, ಊಟ, ನಡಿಗೆ ಇಂಥ ಆರು ಕೆಲಸದಲ್ಲಿ ಮೂರನ್ನಾದರೂ ರೋಗಿ ಒಬ್ಬನೇ ಮಾಡಲಾರದವನಾಗಿರಬೇಕು.

ಅದಕ್ಕೇನೂ ಸುಳ್ಳು ಹೇಳಬೇಕಿರಲಿಲ್ಲ. ಮೈಗೆ ನೀರು ಹಾಕೋಳು, ಗುಂಡಿ ಹಾಕೋಳು, ತುತ್ತು ಬಾಯಿಗಿಡೋಳು ಎಲ್ಲಾ ಕದಿರಮ್ಮನೇ. ತನಿಖೆಯ ದಿನ ಅವಳು ಬೇಕಂತಲೇ ಅನ್ನ, ತಿಳಿಸಾರು ಮಾಡಿದಳು. ಅವನೇ ತಿಂದರೆ ನಾಲ್ಕು ತುತ್ತಲ್ಲಿ ಮೂರು ಎದೆ ಮೇಲೆ ಇರುತ್ತೆ, ಬಂದವರ ಕಣ್ಣಿಗೆ ಬೀಳುತ್ತೆ ಅಂತ.

ಬಂದದ್ದು ಶ್ರೀಲತಾ ಅನ್ನೋ ಹುಡುಗಿ, ಹೆಗಲಲ್ಲಿ ಕಲ್ಲು ತುಂಬಿದಂಥ ಬ್ಯಾಗು. ಕದಿರಮ್ಮನ ಮುಖ ನೋಡಿದ್ದೇ, "ಮೀರು ಮಾ ವೀಧಿ ಆಡಬಿಡ್ಡೇ ಕದಕ್ಕಾ" ಅಂದಳು. ನೀವು ನಮ್ಮ ಬೀದಿ ಹೆಣ್ಣುಮಗಳೇ ಅಲ್ವಾ ಅಕ್ಕಾ ಅಂತ, ತೆಲುಗಲ್ಲಿ. ಅಂದರೆ ಸುಬ್ಬರಾಯಪ್ಪನ ಅತ್ತೆ ಮನೆ ಬೀದಿಯವಳೇ. ಆಮೇಲೆ ಫಾರಂ ಬಿಚ್ಚಿ ಮೆತ್ತಗೆ ಕೇಳಿದಳು.

"ಅಂಗಿ ಹಾಕ್ಕಳಾಕೆ ಅಕ್ಕನ ಸಹಾಯ ಬೇಕಾಗ್ತದಾ ಬಾವಾ?"

ಬಾವ ಅಂದದ್ದೇ ತಡ, ಸುಬ್ಬರಾಯಪ್ಪನ ರಕ್ತ ಕುದೀತು. ಸಂಜೆ ಬಸ್ಸಿಗೆ ಇವಳು ಊರು ಸೇರ್ತಾಳೆ, ರಾತ್ರಿ ಊಟದೊಳಗೆ ಇಡೀ ಬೀದಿಗೆ ಸುದ್ದಿ: ಹಿಂದೂಪುರದ ಅಳಿಯನ ಗುಂಡಿ ಹೆಂಡತಿ ಹಾಕ್ತಾಳೆ.

"ನನಗಾ? ಕಡಿದ ಎಳೆಗೆ ಕಣ್ಮುಚ್ಚಿ ಗಂಟು ಹಾಕೋ ಕೈ ಕಣಮ್ಮ ಇದು."

ಕದಿರಮ್ಮ ಅವನ ಹೆಬ್ಬೆರಳು ತುಳಿದಳು. ಯಾಕೆ ತುಳೀತಿ ಅಂತ ಅವನು ಎಲ್ಲರಿಗೂ ಕೇಳೋಹಂಗೆ ಗದರಿಸಿ, ಹಾಕಿದ್ದ ಅಂಗಿ ತಲೆ ಮೇಲಿಂದ ಎಳೆದು ಬಿಸಾಕಿ, ಇಸ್ತ್ರಿ ಅಂಗಿ ತಂದ. ಐದು ಗುಂಡಿಗೆ ಇಪ್ಪತ್ತೈದು ನಿಮಿಷ. ಶ್ರೀಲತಾ ಎರಡು ಸಲ ಕಾಫಿ ಕುಡಿದಳು. ಮೂರನೇ ಗುಂಡಿ ನಾಲ್ಕನೇದರ ಮನೆಗೆ ಹೋಗಿ ವಾಪಸ್ ಬಂತು. ಆದರೂ ದಿಗ್ವಿಜಯ ದಿಗ್ವಿಜಯವೇ.

ಊಟಕ್ಕೆ ಅನ್ನ ಕಂಡಿದ್ದೇ ತಟ್ಟೆ ತಳ್ಳಿ, ಮುದ್ದೆ ಮಾಡೇ ಅಂತ ಗುಡುಗಿದ. ಮುದ್ದೆಗೂ ನಡುಕಕ್ಕೂ ದ್ವೇಷವಿಲ್ಲ. ಕೈ ಎಷ್ಟೇ ಕುಣಿದರೂ ಅದು ಬೆರಳು ಬಿಟ್ಟು ಬೀಳಲ್ಲ. ಎರಡು ಮುದ್ದೆ ಚೂರೂ ಉದುರದಂಗೆ ನುಂಗಿದ. ಸಾಲದು ಅಂತ, ಬಾವನ ಮನೆಗೆ ಬಂದ ಹೆಣ್ಣುಮಗಳು ಬ್ಯಾಗು ಹೊರೋದು ಉಂಟಾ ಅಂತ, ತಾನೇ ಹೊತ್ತು ಬಸ್ ಸ್ಟ್ಯಾಂಡಿನವರೆಗೂ ನಡೆದ. ಬಂದವನು ಎರಡು ದಿನ ಹಾಸಿಗೆಯಿಂದ ಏಳಲಿಲ್ಲ. ಆರು ಕೆಲಸದಲ್ಲಿ ಆರೂ ಆಗದವನಾಗಿ ಬಿದ್ದಿದ್ದ. ನೋಡೋಕೆ ಕಂಪನಿಯವರು ಇರಲಿಲ್ಲ ಅಷ್ಟೆ.

ತಿಂಗಳಿಗೆ ಕಾಗದ ಬಂತು. ಅರ್ಜಿದಾರರು ಸ್ವತಃ ಉಡುಪು ಧರಿಸಬಲ್ಲರು, ಊಟ ಮಾಡಬಲ್ಲರು, ಭಾರ ಹೊತ್ತು ನಡೆಯಬಲ್ಲರು, ಆದ್ದರಿಂದ ಪರಿಹಾರವಿಲ್ಲ. ಮಗ್ಗ ಹೋಯ್ತು. ಮಗ್ಗವಿದ್ದ ಜಾಗದ ಗೋಡೆಗೆ ಕದಿರಮ್ಮ ಆ ಕಾಗದಕ್ಕೆ ಕಟ್ಟು ಹಾಕಿಸಿ ತೂಗುಹಾಕಿದಳು. ಅವತ್ತಿಂದ ಅವನು ಅಂಗಿ ಹಿಡಿದು ನಿಂತರೆ, ಅತ್ತ ಕೈ ತೋರಿಸೋಳು.

"ಸೀಲ್ ಹೊಡೆದು ಕೊಟ್ಟವ್ರೆ ಕಣಯ್ಯ. ನಾನು ಕೈ ಹಾಕಿದ್ರೆ ಕಂಪನೀನ ಸುಳ್ಳು ಮಾಡ್ದಂಗಾಗ್ತದೆ."

ಎಂಟು ದಿನ ಅವನು ಹೊದ್ದ ಟವಲಲ್ಲೇ ಓಡಾಡಿದ. ಒಂಬತ್ತನೇ ದಿನ ಕಲ್ಯಾಣದುರ್ಗದಲ್ಲಿ ಮದುವೆ, ಬಸ್ಸಿಗೆ ಅರ್ಧ ಗಂಟೆ. ಎದೆ ತೆರಕೊಂಡು ಮಾವನ ಊರಿಗೆ ಹೋಗೋಕಾಗುತ್ತಾ? ಕದಿರಮ್ಮ ಮುಂದೆ ಬಂದು ನಿಂತಳು. ಕಣ್ಣು ಒದ್ದೆಯಾಗಿತ್ತೋ ಏನೋ, ಮಾತು ಮಾತ್ರ ಒಣಗಿತ್ತು.

"'ನನ್ನ ಕೈಲಾಗಲ್ಲ ಕಣೇ' ಅಂತ ಒಂದ್ ಮಾತು ಅನ್ನು. ಹಾಕ್ತೀನಿ."

"ಮೊದ್ಲು ಹಾಕು. ಬಸ್ಸಲ್ಲಿ ಹೇಳ್ತೀನಿ."

ನಂಬಿದಳು. ಐದೂ ಗುಂಡಿ ಅರೆನಿಮಿಷ. ಬಸ್ಸಲ್ಲಿ ಅವನು ಕಿಟಕಿಯಾಚೆ ಕಡಲೆಕಾಯಿ ಹೊಲ ನೋಡಿದ್ದೇ ನೋಡಿದ್ದು. ಈಗಲೂ ದಿನಾ ಬೆಳಗ್ಗೆ ಅವಳು ಗುಂಡಿ ಹಾಕ್ತಾಳೆ, ಕೇಳ್ತಾಳೆ. ಸಂಜೆ ಹೇಳ್ತೀನಿ ಅಂತಾನೆ. ಆ ಒಂದು ಮಾತು ಅವನ ಮೇಲೆ ಹಂಗೇ ಬಾಕಿ ನಿಂತಿದೆ.